ಪ್ಲಾಸ್ಟಿಕ್ ಕವರಿನಲ್ಲಿ ಇಲ್ಲದ ಕಾಗದ

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಒಂಬತ್ತು ವರ್ಷದ ಸರ್ವಿಸ್. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಎಲ್ಲ ಕಡೆ ಸುತ್ತಿ ಬಂದ ಕ್ಯಾನ್ಸರ್ ರೋಗಿಗಳು ಕೊನೆಗೆ ನಮ್ಮಲ್ಲಿಗೇ ಬರುತ್ತಾರೆ. ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು’ ಅನ್ನುತ್ತಾರೆ. ಈಗ ಬಾಯಿ ಕ್ಯಾನ್ಸರಿನ ಒಬ್ಬರಿದ್ದಾರೆ, 52 ವರ್ಷ. ಟ್ರಮಡಾಲ್ ಎಂಬ ನೋವಿನ ಮಾತ್ರೆಗೆ ನೋವು ಬಗ್ಗುತ್ತಿಲ್ಲ. ಕೆನ್ನೆಯ ಹುಣ್ಣು ವಾಸನೆ ಬರುತ್ತಿದೆ. ಪ್ಯಾಲಿಯೇಟಿವ್ ಕೇರ್, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡುವ ಆರೈಕೆ, ಅದರ ಬಗ್ಗೆ ನನಗೆ ಆಗಿರುವುದು ಒಂದೇ ದಿನದ ತರಬೇತಿ. ಈ ಕೆಲಸ ಮಾಡುವ ಬೇರೆಯವರ ಜತೆ ಸೇರಿಕೊಳ್ಳುವುದು ಹೇಗೆ? ಹೊಸತೇನು ಬಂತು, ಯಾವ ನಿಯಮ ಬದಲಾಯಿತು ಅನ್ನುವುದು ನಮ್ಮಂಥ ಕಡೆ ಇರುವವರಿಗೆ ತಿಳಿಯುವುದು ಹೇಗೆ?

ಉತ್ತರ: ಸಿಸ್ಟರ್, ಆ ರೋಗಿ ಬಂದಾಗ ಮನೆಯವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು ಅಲ್ವಾ? ಹೆಚ್ಚಾಗಿ ಯಾವುದೋ ಬಟ್ಟೆ ಅಂಗಡಿಯದಾಗಿರುತ್ತದೆ. ಅದರೊಳಗೆ ಸ್ಕ್ಯಾನಿನ ಫಿಲ್ಮು, ಬಯಾಪ್ಸಿ ರಿಪೋರ್ಟು, ಎರಡು ಮೂರು ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿ, ಔಷಧದ ಬಿಲ್ಲುಗಳು, ಕೆಲವೊಮ್ಮೆ ಒಂದು ಕುಂಕುಮದ ಪೊಟ್ಟಣ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇಂಥ ಕವರುಗಳನ್ನು ಬಿಚ್ಚುತ್ತಿದ್ದೇನೆ. ಅದರಲ್ಲಿ ಎಲ್ಲ ಇರುತ್ತದೆ. ‘ಇವರನ್ನು ನಾವು ನಿಮಗೆ ಒಪ್ಪಿಸುತ್ತಿದ್ದೇವೆ’ ಎಂದು ಅಲ್ಲಿಯ ಡಾಕ್ಟರು ಇಲ್ಲಿಯವರಿಗೆ ಬರೆದ ಕಾಗದ ಮಾತ್ರ ಇರುವುದಿಲ್ಲ.

ಸಹಕಾರ ಅಂದ ತಕ್ಷಣ ನಮಗೆ ಸಮ್ಮೇಳನ, ಸಂಘ, ಸದಸ್ಯತ್ವ ನೆನಪಾಗುತ್ತದೆ. ಅವೂ ಬೇಕು, ಅದರ ಮಾತು ಮುಂದೆ ಬರುತ್ತದೆ. ಆದರೆ ನಮ್ಮ ಕೆಲಸದಲ್ಲಿ ಸಹಕಾರ ಕಡಿದುಹೋಗುವುದು ಮಣಿಪಾಲದಿಂದ ನಿಮ್ಮೂರಿಗೆ ಬರುವ ಬಸ್ಸಿನಲ್ಲಿ. ಅಲ್ಲಿ ಬಿಟ್ಟವರು ಇಲ್ಲಿ ಯಾರು ಹಿಡಿಯುತ್ತಾರೆ ಎಂದು ಕೇಳಿರುವುದಿಲ್ಲ. ಇಲ್ಲಿ ಹಿಡಿದ ನಿಮಗೆ ಅಲ್ಲಿ ಏನಾಯಿತು ಎಂದು ಗೊತ್ತಿರುವುದಿಲ್ಲ. ನಿಮ್ಮ ಜಿಲ್ಲೆಯವರಿಗೆ ಈ ಕಷ್ಟ ಇನ್ನೂ ಜಾಸ್ತಿ. ಬೇರೆ ಕಡೆಯವರಿಗೆ ಒಂದೇ ದೊಡ್ಡಾಸ್ಪತ್ರೆ. ನಿಮ್ಮವರು ಭಟ್ಕಳದಿಂದಾದರೆ ದಕ್ಷಿಣಕ್ಕೆ, ಕಾರವಾರದಿಂದಾದರೆ ಗೋವಾಕ್ಕೆ, ಹಳಿಯಾಳ ಮುಂಡಗೋಡಿನಿಂದಾದರೆ ಹುಬ್ಬಳ್ಳಿಗೆ ಹೋಗುತ್ತಾರೆ.

ಹಾಗಾಗಿ ಆ ಕಾಗದ ಬರಲಿ ಎಂದು ಕಾಯಬೇಡಿ. ನೀವೇ ಫೋನ್ ಮಾಡಿ. ಡಿಸ್ಚಾರ್ಜ್ ಸಮ್ಮರಿಯ ಕೆಳಗೆ ಯೂನಿಟ್ಟಿನ ಹೆಸರು, ವಾರ್ಡಿನ ನಂಬರ್ ಇರುತ್ತದೆ. ಡಾಕ್ಟರು ಸಿಗುವುದು ಕಷ್ಟ, ಆದರೆ ವಾರ್ಡಿನ ಸಿಸ್ಟರ್ ಸಿಗುತ್ತಾರೆ. ನರ್ಸ್ ನರ್ಸಿಗೆ ಫೋನ್ ಮಾಡಿದರೆ ಐದು ನಿಮಿಷದಲ್ಲಿ ಆಗುವ ಕೆಲಸ, ಡಾಕ್ಟರಿಗೆ ಡಾಕ್ಟರು ಮಾಡಿದರೆ ಎರಡು ದಿನ ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಡಾಕ್ಟರ ಜಾತಿಯ ಬಗ್ಗೆ ನಾವೇ ಹೇಳಿಕೊಳ್ಳುವುದು ಚೆಂದ ಅಲ್ಲ, ಆದರೂ ಹೇಳಿಬಿಟ್ಟೆ.

ಫೋನಿನಲ್ಲಿ ಏನು ಕೇಳಬೇಕು? ಸ್ಟೇಜ್ ಎಷ್ಟು, ಕೀಮೋ ಎಷ್ಟು ಸಲ ಆಯಿತು ಅನ್ನುವುದು ಕವರಿನಲ್ಲೇ ಇದೆ. ಅಲ್ಲಿ ಇಲ್ಲದ್ದನ್ನು ಕೇಳಿ. ರೋಗಿಗೆ ಏನು ಹೇಳಿದ್ದೀರಿ? ಹೆಂಡತಿಗೆ ಏನು ಹೇಳಿದ್ದೀರಿ? ಇಬ್ಬರಿಗೂ ಒಂದೇ ಮಾತು ಹೇಳಿದ್ದೀರಾ? ರೇಡಿಯೇಷನ್ ಮತ್ತೆ ಕೊಡುವ ಯೋಚನೆ ಏನಾದರೂ ಇದೆಯಾ, ಇಲ್ಲ ಅದು ಮುಗಿದ ಅಧ್ಯಾಯವಾ? ರಕ್ತ ಒಸರಿದರೆ ವಾಪಸ್ ಕಳಿಸಬೇಕಾ, ಇಲ್ಲೇ ನೋಡಿಕೊಳ್ಳಬೇಕಾ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಮಾಡಲಿ? ಇವುಗಳಲ್ಲಿ ಮೊದಲನೆಯದು ತುಂಬ ಮುಖ್ಯ. ‘ಅಪ್ಪನಿಗೆ ಹೇಳಬೇಡಿ’ ಎಂದು ಮಗ ಕಣ್ಸನ್ನೆ ಮಾಡುತ್ತಾನೆ. ‘ನನ್ನ ಮಗನಿಗೆ ಗೊತ್ತಾದರೆ ತಡ್ಕೊಳ್ಳಲ್ಲ’ ಎಂದು ಅಪ್ಪ ಗುಟ್ಟಾಗಿ ಹೇಳುತ್ತಾನೆ. ಇಂಥ ಮನೆಗೆ ಏನೂ ತಿಳಿಯದೆ ಕಾಲಿಟ್ಟರೆ ಬಾಯಿ ತಪ್ಪಿ ಒಂದು ಮಾತು ಬಂದು, ಮರುದಿನದಿಂದ ಬಾಗಿಲು ಮುಚ್ಚಿಬಿಡಬಹುದು.

ನನಗೇ ಹಾಗಾಗಿದೆ. ಕೆಲಸಕ್ಕೆ ಸೇರಿದ ಹೊಸತು. ಒಂದು ದೊಡ್ಡ ಆಸ್ಪತ್ರೆಯಿಂದ ಬಂದ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. ಸಮ್ಮರಿಯಲ್ಲಿ ‘ಎಲ್ಲ ವಿವರಿಸಲಾಗಿದೆ’ ಎಂದಿತ್ತು. ನಂಬಿದೆ. ಎಲ್ಲವನ್ನೂ ವಿವರಿಸಿದ್ದು ಅಳಿಯನಿಗೆ ಮಾತ್ರ ಎಂದು ತಿಳಿಯುವಾಗ ನನ್ನ ಮಾತು ಮುಗಿದಿತ್ತು. ಅಜ್ಜಿ ‘ಹೌದಾ ಮಗಾ’ ಅಂದರು, ಅಷ್ಟೆ. ಆ ‘ಹೌದಾ ಮಗಾ’ ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಫೋನ್ ಮಾಡದೆ ಯಾವ ಮನೆಯ ಮೆಟ್ಟಿಲೂ ಹತ್ತಿಲ್ಲ.

ಈಗ ನಿಮ್ಮ ರೋಗಿಯ ನೋವಿಗೆ ಬರೋಣ. ಟ್ರಮಡಾಲ್‌ಗೆ ಒಂದು ಮಿತಿ ಇದೆ. ದಿನಕ್ಕೆ 400 ಮಿಲಿಗ್ರಾಂ ದಾಟಿಸಬಾರದು, ದಾಟಿಸಿದರೆ ಫಿಟ್ಸ್ ಬರುವ ಭಯ. ಮಿತಿ ಮುಟ್ಟಿಯೂ ನೋವು ಹೋಗದಿದ್ದರೆ ಇನ್ನೊಂದು ಟ್ರಮಡಾಲ್ ಕೊಟ್ಟು ಪ್ರಯೋಜನ ಇಲ್ಲ. ಮಾರ್ಫಿನ್ ಮಾತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇದನ್ನು ಹೇಳಿದೆ. ಮಾತ್ರೆ ದುಬಾರಿಯಲ್ಲ. ಮಾರ್ಫಿನ್ ತೆಗೆಯುವ ಅಫೀಮು ಬೆಳೆಯುವುದೂ ನಮ್ಮ ದೇಶದಲ್ಲೇ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಬೆಳೆಯುತ್ತಾರೆ, ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹಿತ್ತಲಲ್ಲೇ ಬೆಳೆಯುವ ಮದ್ದು ನಿಮ್ಮ ತಾಲೂಕಿನಲ್ಲಿ ಯಾಕೆ ಸಿಗುವುದಿಲ್ಲ?

ಇದರ ಕಥೆ ಸ್ವಲ್ಪ ಉದ್ದ, ಆದರೆ ಕೇಳಿ. ನೀವು ಯಾರ ಜತೆ ಸೇರಿಕೊಳ್ಳಬೇಕು ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂತು, ನಾವು ಎನ್‌ಡಿಪಿಎಸ್ ಅನ್ನುತ್ತೇವೆ. ಮಾರ್ಫಿನ್ ಇಟ್ಟುಕೊಳ್ಳಲು ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸ್ ಬೇಕಾಯಿತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕ ತಪ್ಪಿದರೆ ಕನಿಷ್ಠ ಹತ್ತು ವರ್ಷ ಜೈಲು ಎಂಬ ಹೆದರಿಕೆ ಬೇರೆ. ಔಷಧ ಅಂಗಡಿಯವರು ಕೈಬಿಟ್ಟರು, ಆಸ್ಪತ್ರೆಗಳು ಕೈಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದಲ್ಲಿ ಒಂದು ವರ್ಷಕ್ಕೆ ಬಳಕೆಯಾದ ಮಾರ್ಫಿನ್ 18 ಕಿಲೋಗೆ ಇಳಿದಿತ್ತು. ಈ ಹೊತ್ತಿನಲ್ಲಿ ಓದಿದ ಡಾಕ್ಟರುಗಳು, ನಾನೂ ಸೇರಿ, ಮಾರ್ಫಿನ್ ಮಾತ್ರೆಯನ್ನು ಕಣ್ಣಲ್ಲಿ ನೋಡದೆ ಡಿಗ್ರಿ ಪಡೆದೆವು. ನೋಡದ ಮದ್ದಿನ ಮೇಲೆ ಭಯ ಬರುವುದು ಸಹಜ.

ಇದನ್ನು ಬದಲಿಸಿದ್ದು ಯಾವ ಒಬ್ಬ ಮಂತ್ರಿಯೂ ಅಲ್ಲ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜತೆಗಾರರು, ವಕೀಲರು, ಕ್ಯಾನ್ಸರ್ ಆಸ್ಪತ್ರೆಯವರು, ರೋಗಿಗಳ ಮನೆಯವರು ವರ್ಷಗಟ್ಟಲೆ ದೆಹಲಿಗೆ ಅಲೆದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2015ರಲ್ಲಿ ನಿಯಮಗಳು ಬಂದವು. ಈಗ ಮಾರ್ಫಿನ್, ಫೆಂಟಾನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಎಂಬ ಆರು ಮದ್ದುಗಳನ್ನು ‘ಅಗತ್ಯ ಮಾದಕ ಔಷಧ’ ಎಂದು ಬೇರೆ ಮಾಡಿದ್ದಾರೆ. ಇವಕ್ಕೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು. ಆ ಮಾನ್ಯತೆ ಸಿಕ್ಕ ಆಸ್ಪತ್ರೆಯನ್ನು ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಅನ್ನುತ್ತಾರೆ, ನಮ್ಮ ಬಾಯಲ್ಲಿ ಆರ್‌ಎಂಐ. ಬರೆದುಕೊಡಲು ಒಬ್ಬ ಡಾಕ್ಟರನ್ನು ಆಸ್ಪತ್ರೆ ಗೊತ್ತುಮಾಡಬೇಕು, ಮಾತ್ರೆ ಬೀಗದಲ್ಲಿರಬೇಕು, ರಿಜಿಸ್ಟರ್ ಇರಬೇಕು. ಅಷ್ಟೇ.

ಕಾನೂನು ಬದಲಾಗಿ ಹತ್ತು ವರ್ಷ ದಾಟಿದರೂ ಭಯ ಬದಲಾಗಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಲೆಕ್ಕ ಹಾಕಿದಾಗ ಭಾರತದಲ್ಲಿ ಬೇಕಾದ ನೋವಿನ ಮದ್ದಿನಲ್ಲಿ ಸಿಗುತ್ತಿದ್ದುದು ನೂರಕ್ಕೆ ನಾಲ್ಕು ಪಾಲು.

ಅದಕ್ಕೇ ಹೇಳುತ್ತೇನೆ, ನಿಮ್ಮ ತಂಡದ ಮೊದಲ ಮನುಷ್ಯ ಡಾಕ್ಟರಲ್ಲ, ನಿಮ್ಮ ಆಸ್ಪತ್ರೆಯ ಫಾರ್ಮಸಿಸ್ಟ್. ಅವರ ಎದುರು ಕೂತು ಒಂದು ಲೋಟ ಚಹಾ ಕುಡಿಯಿರಿ. ಅವರ ಭಯ ಏನು ಅಂತ ಕೇಳಿ. ‘ಆಡಿಟ್‌ನಲ್ಲಿ ಒಂದು ಮಾತ್ರೆ ಕಮ್ಮಿ ಬಂದರೆ ನನ್ನ ನೌಕರಿ’ ಎಂದೇ ಹೇಳುತ್ತಾರೆ. ಅದು ಸುಳ್ಳು ಭಯವಲ್ಲ, ಅದನ್ನು ಗೌರವಿಸಿ. ರಿಜಿಸ್ಟರ್ ಬರೆಯುವುದನ್ನು ಈಗಾಗಲೇ ಆರ್‌ಎಂಐ ಆಗಿರುವ ಕಡೆಯ ಫಾರ್ಮಸಿಸ್ಟ್ ಒಬ್ಬರಿಂದ ತೋರಿಸಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ಈ ಒಂದು ಭೇಟಿಗೆ ನಾಲ್ಕು ಸಮ್ಮೇಳನದ ಬೆಲೆ. ಆಡಳಿತ ವೈದ್ಯಾಧಿಕಾರಿಯವರ ಹತ್ತಿರ ಅರ್ಜಿಯ ಮಾತು ಎತ್ತುವುದು ಇದಾದ ಮೇಲೆ. ಮೊದಲೇ ಎತ್ತಿದರೆ ‘ಫಾರ್ಮಸಿಯವರು ಒಪ್ಪಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಆದರೆ ನಿಮ್ಮ ರೋಗಿ ಅರ್ಜಿ ಮಂಜೂರಾಗುವವರೆಗೆ ಕಾಯಲಾರ. ಈ ವಾರ ಮಾಡಬೇಕಾದದ್ದು, ಅವರು ಚಿಕಿತ್ಸೆ ಪಡೆದ ದೊಡ್ಡಾಸ್ಪತ್ರೆಯಲ್ಲಿ ನೋವು ಮತ್ತು ಪ್ಯಾಲಿಯೇಟಿವ್ ವಿಭಾಗ ಇದೆಯಾ ಎಂದು ಫೋನಿನಲ್ಲಿ ಕೇಳುವುದು. ಮಾರ್ಫಿನ್ ಇದ್ದರೆ ಅಲ್ಲಿಯ ಡಾಕ್ಟರು ಒಂದು ಸಲ ನೋಡಿ ಶುರುಮಾಡಿ ಕೊಡಲಿ. ಆಮೇಲೆ ಪ್ರತಿ ಸಲ ರೋಗಿಯನ್ನೇ ಬಸ್ಸಿನಲ್ಲಿ ಕುಲುಕಿಸಬೇಕಾ, ಮನೆಯವರು ಚೀಟಿ ಹಿಡಿದು ಹೋದರೆ ಸಾಕಾ ಅನ್ನುವುದನ್ನು ಅವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಡೋಸ್ ಡಾಕ್ಟರು ಹೇಳುತ್ತಾರೆ. ನಿಮ್ಮ ಕೆಲಸ ಬೇರೆ. ಸಾದಾ ಮಾತ್ರೆ ನಾಲ್ಕು ಗಂಟೆಗೊಮ್ಮೆ, ನೋವು ಬಂದಾಗ ಮಾತ್ರ ಅಲ್ಲ, ಗಡಿಯಾರ ನೋಡಿ ಕೊಡಬೇಕು ಎಂದು ಹೆಂಡತಿಗೆ ಮನದಟ್ಟು ಮಾಡುವುದು. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆಯೂ ಇದೆಯಾ ನೋಡುವುದು, ಯಾಕೆಂದರೆ ಮಾರ್ಫಿನ್ ಜತೆ ಮಲಬದ್ಧತೆ ಬಂದೇ ಬರುತ್ತದೆ, ಅದರಿಂದಲೇ ಎಷ್ಟೋ ಜನ ಮದ್ದು ಬಿಟ್ಟುಬಿಡುತ್ತಾರೆ. ತೀರಾ ಮಂಪರು, ಉಸಿರು ನಿಧಾನ, ಮೂತ್ರ ಕಮ್ಮಿ ಕಂಡರೆ ತಡ ಮಾಡದೆ ಡಾಕ್ಟರಿಗೆ ತಿಳಿಸುವುದು.

ಹುಣ್ಣಿನ ವಾಸನೆಗೆ ನಿಮ್ಮ ಆಸ್ಪತ್ರೆಯಲ್ಲೇ ಮದ್ದಿದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುವ ಪದ್ಧತಿ. ಎರಡು ಮೂರು ದಿನದಲ್ಲಿ ವಾಸನೆ ಇಳಿಯುತ್ತದೆ. ವಾಸನೆ ಇಳಿದರೆ ಮೊಮ್ಮಗು ತೊಡೆಯ ಮೇಲೆ ಬಂದು ಕೂರುತ್ತದೆ, ಆ ಮನುಷ್ಯನಿಗೆ ಅದಕ್ಕಿಂತ ಬೇರೆ ಚಿಕಿತ್ಸೆ ಬೇಕಿಲ್ಲ ಎಂದು ಅನ್ನಿಸಿದ ದಿನಗಳಿವೆ. ಡ್ರೆಸ್ಸಿಂಗ್ ಬಟ್ಟೆ ಒಣಗಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಸಲೈನ್ ಹಾಕಿ ನೆನೆಸಿ. ಮನೆಯಲ್ಲಿ ಒಂದೆರಡು ಕಡುಬಣ್ಣದ ಟವೆಲ್ ಇಟ್ಟುಕೊಳ್ಳಲು ಹೇಳಿ, ಕಡುಕೆಂಪೋ ಕಡುಹಸಿರೋ. ಕೆನ್ನೆಯಿಂದ ರಕ್ತ ಹೋದರೆ ಬಿಳಿ ಬಟ್ಟೆಯ ಮೇಲೆ ಒಂದು ಲೋಟ ರಕ್ತ ಒಂದು ಕೊಡದ ಹಾಗೆ ಕಾಣುತ್ತದೆ. ಕಡುಬಣ್ಣದಲ್ಲಿ ಮನೆಯವರು ಅಷ್ಟು ಹೆದರುವುದಿಲ್ಲ.

ಇನ್ನು ಕಲಿಯುವ, ಸೇರಿಕೊಳ್ಳುವ ಮಾತು. ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್ 1994ರಲ್ಲಿ ಶುರುವಾಯಿತು. ಡಾಕ್ಟರುಗಳಿಗೂ ನರ್ಸುಗಳಿಗೂ ಒಟ್ಟಿಗೇ ಒಂದು ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ, ಎಂಟು ವಾರದ್ದು, ಡ್ಯೂಟಿ ಬಿಡದೆ ಮಾಡಬಹುದು. ನಿಮ್ಮ ಒಂದು ದಿನದ ತರಬೇತಿಯ ಮೇಲೆ ಇದು ಒಳ್ಳೆಯ ಎರಡನೇ ಮೆಟ್ಟಿಲು. ಮೂರನೆಯದು, ಕೈಯಲ್ಲಿ ಕೆಲಸ ಕಲಿಸುವ ಕಡೆ ಹೋಗಿ ಕೆಲವು ವಾರ ಇರುವುದು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯಕ್ಕೆ ಒಂದು ಸಲ ಹೋಗಿಬನ್ನಿ. 1994ರಲ್ಲಿ ಟ್ರಸ್ಟ್ ಆಗಿ ಶುರುವಾಗಿ, ಮೊದಲು ಮನೆಮನೆಗೆ ಹೋಗಿ ನೋಡಿಕೊಂಡು, 1999ರಿಂದ ಹಾಸಿಗೆಗಳಿರುವ ಕಟ್ಟಡದಲ್ಲಿ ನಡೆಯುತ್ತಿದೆ. ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಹುಣ್ಣಿನ ಡ್ರೆಸ್ಸಿಂಗ್ ಮಾಡುವ ಸಿಸ್ಟರುಗಳ ಪಕ್ಕ ಒಂದು ಬೆಳಗ್ಗೆ ನಿಂತರೆ ಪುಸ್ತಕದ ಹತ್ತು ಅಧ್ಯಾಯ ಓದಿದ ಹಾಗೆ.

ದೂರ ಹೋಗಲಾಗದವರಿಗೆ ಎಕೋ ಇದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲಿವರ್ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಇದನ್ನು ಶುರುಮಾಡಿದ್ದು ಹೆಪಟೈಟಿಸ್ ಸಿ ರೋಗಿಗಳಿಗಾಗಿ. ತಜ್ಞರು ಹಳ್ಳಿಗೆ ಹೋಗುವ ಬದಲು ಹಳ್ಳಿಯ ಡಾಕ್ಟರು, ನರ್ಸುಗಳೇ ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರಿ ತಮ್ಮ ರೋಗಿಯ ಕಥೆ ಹೇಳುವುದು, ಎಲ್ಲರೂ ಅದರಿಂದ ಕಲಿಯುವುದು. ನಮ್ಮ ನಿಮ್ಹಾನ್ಸ್ ಇದೇ ರೀತಿಯಲ್ಲಿ ಮಾನಸಿಕ ಆರೋಗ್ಯವನ್ನು ಜಿಲ್ಲೆಗಳಿಗೆ ಮುಟ್ಟಿಸುತ್ತಿದೆ. ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಪ್ಯಾಲಿಯೇಟಿವ್ ಕೇರಿಗೆ ಎಕೋ ತರಗತಿ ನಡೆಸುತ್ತದೆ.

ಒಂದು ಗುಟ್ಟು ಹೇಳಲಾ? ಅಲ್ಲಿ ಮೈಕ್ ಆಫ್ ಮಾಡಿ ಸುಮ್ನೆ ಕೇಳುತ್ತಾ ಕೂತರೆ ಎರಡು ತಿಂಗಳಲ್ಲಿ ಬೇಜಾರು ಬರುತ್ತದೆ. ಮೂರನೇ ವಾರಕ್ಕೇ ಒಂದು ಕೇಸ್ ಕೊಡಿ. ಇಂಗ್ಲಿಷ್ ಸರಿ ಬರಲ್ಲ ಎಂದು ಹಿಂಜರಿಯಬೇಡಿ. ರೋಗಿಯ ಬಾಯಿಂದ ಬಂದ ಕನ್ನಡದ ಮಾತನ್ನೇ ಮೊದಲು ಹಾಗೇ ಹೇಳಿ, ಆಮೇಲೆ ವಿವರಿಸಿ. ಇದು ಸುಮ್ಮನೆ ಅಭಿಮಾನದ ಮಾತಲ್ಲ. ಧಾರವಾಡದ ಕಡೆಯವರು ‘ಬ್ಯಾನಿ’ ಅಂದರೆ ಅದು ನೋವೂ ಹೌದು, ಕಾಯಿಲೆಯೂ ಹೌದು. ‘ತ್ರಾಸ’ ಅಂದರೆ ನೋವೇ ಆಗಬೇಕಿಲ್ಲ, ಉಸಿರಿನ ಕಷ್ಟ ಇರಬಹುದು, ಸಾಲದ ಕಷ್ಟವೂ ಇರಬಹುದು. ‘ಉರೀತದೆ’, ‘ಕರೆಂಟ್ ಹೊಡೆದ ಹಾಗೆ’, ‘ಇರುವೆ ಹರಿದ ಹಾಗೆ’ ಅಂದರೆ ನಮ್ಮ ಕಿವಿ ನೆಟ್ಟಗಾಗಬೇಕು. ಅದು ನರದ ನೋವು, ಅದಕ್ಕೆ ಮಾರ್ಫಿನ್ ಒಂದೇ ಸಾಲದು, ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಾಪೆಂಟಿನ್ ಥರದ್ದು ಜತೆಗೆ ಬೇಕಾಗಬಹುದು. ಬಾಯಿ ಕ್ಯಾನ್ಸರಿನಲ್ಲಿ ಇದು ಬಹಳ. ದೊಡ್ಡಾಸ್ಪತ್ರೆಯ ಚೀಟಿಯಲ್ಲಿ ಇದೆಲ್ಲ ಒಂದೇ ಪದ ಆಗಿರುತ್ತದೆ, ‘ಪೇನ್’. ಆ ಪದವನ್ನು ಬಿಡಿಸಿ ಹೇಳಬಲ್ಲವರು ನೀವು, ಆಮೇಲೆ ನಿಮ್ಮ ಆಶಾ ಕಾರ್ಯಕರ್ತೆ. ಗೋವಾದ ಗಡಿಯ ಕಡೆ ಕೊಂಕಣಿ ಬಲ್ಲ ಒಬ್ಬರು ಜತೆಗಿದ್ದರೆ ಇನ್ನೂ ಒಳ್ಳೆಯದು.

ವಾಟ್ಸ್ಯಾಪ್ ಗ್ರೂಪ್ ಮಾಡುತ್ತೀರಿ, ಮಾಡೇ ಮಾಡುತ್ತೀರಿ. ಮಾಡಿ, ಬೇಕು. ಆದರೆ ಒಂದು ಕೆಟ್ಟ ಅನುಭವ ಕೇಳಿ. ನಾನಿದ್ದ ಒಂದು ಗ್ರೂಪಿಗೆ ಮುಖದ ಹುಣ್ಣಿನ ಫೋಟೊ ಒಂದು ಬಂತು, ಸಲಹೆ ಕೇಳಿ. ಕಣ್ಣು, ಹಣೆ, ಗೋಡೆಯ ಮೇಲಿನ ಮದುವೆ ಫೋಟೊ, ಎಲ್ಲ ಕಾಣುತ್ತಿತ್ತು. ಅದು ಎಲ್ಲಿಂದ ಎಲ್ಲಿಗೋ ಹೋಗಿ, ಆ ರೋಗಿಯ ಊರಿನವರ ಫೋನಿಗೇ ಬಂತು. ತಂಗಿಯ ಮದುವೆ ಮಾತುಕತೆ ನಡೆಯುತ್ತಿದ್ದ ಮನೆ ಅದು. ಹೆಚ್ಚಿಗೆ ಹೇಳುವುದಿಲ್ಲ. ಹುಣ್ಣು ಮಾತ್ರ ಕಾಣುವ ಹಾಗೆ ತೆಗೆಯಿರಿ, ತೆಗೆಯುವ ಮೊದಲು ಅವರನ್ನೇ ಕೇಳಿ, ಹೆಸರಿನ ಬದಲು ವಯಸ್ಸು ಬರೆಯಿರಿ, ಉತ್ತರ ಸಿಕ್ಕ ಮೇಲೆ ಅಳಿಸಿ. ಗುಡ್ ಮಾರ್ನಿಂಗ್ ಸಂದೇಶಕ್ಕೆ ಬೇರೆ ಗ್ರೂಪ್ ಮಾಡಿಕೊಳ್ಳಿ. ಇಲ್ಲವಾದರೆ ರಾತ್ರಿ ಹನ್ನೊಂದಕ್ಕೆ ಬಂದ ‘ರಕ್ತ ನಿಲ್ಲುತ್ತಿಲ್ಲ’ ಎಂಬ ಮೆಸೇಜು ಹೂವಿನ ಚಿತ್ರಗಳ ಅಡಿಯಲ್ಲಿ ಹೂತುಹೋಗುತ್ತದೆ.

ಹೊಸ ಸುದ್ದಿ ಹೇಗೆ ತಿಳಿಯುವುದು ಎಂದು ಕೇಳಿದ್ದೀರಿ. ಹೊಸ ಮದ್ದಿನ ಸುದ್ದಿಯ ಹಿಂದೆ ಓಡಬೇಡಿ, ನಮ್ಮ ಕೆಲಸದ ಮುಖ್ಯ ಮದ್ದುಗಳೆಲ್ಲ ಹಳೆಯವೇ. ನಿಮ್ಮ ದಿನದ ಕೆಲಸವನ್ನು ಬದಲಿಸುವುದು ಆದೇಶಗಳು. ಆರ್‌ಎಂಐ ಅಂಥದೊಂದು. ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಈಗ ಕರೆಯುವ ಉಪಕೇಂದ್ರಗಳ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ, ಪ್ಯಾಲಿಯೇಟಿವ್ ಕೇರ್ ಸೇರಿರುವುದು ಇನ್ನೊಂದು. ಅಂದರೆ ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ನಾವು ಸಿಎಚ್‌ಓ ಅನ್ನುವವರು, ಈ ರೋಗಿಯ ಮನೆಗೆ ಹೋದರೆ ಅದು ಉಪಕಾರವಲ್ಲ, ಅವರ ಕೆಲಸವೇ. ಈ ಮಾತನ್ನು ದಬಾಯಿಸಿ ಹೇಳಬೇಡಿ, ಅವರಿಗೂ ನೂರೆಂಟು ರಿಪೋರ್ಟ್ ತುಂಬುವುದಿದೆ. ಮೊದಲ ಸಲ ನೀವೇ ಜತೆಗೆ ಹೋಗಿ ಡ್ರೆಸ್ಸಿಂಗ್ ತೋರಿಸಿಕೊಡಿ.

ಮೂರನೆಯ ಸುದ್ದಿ ಸ್ವಲ್ಪ ಗೋಜಲಿನದು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ‘ಘನತೆಯಿಂದ ಸಾಯುವ ಹಕ್ಕಿ’ನ ಬಗ್ಗೆ ಸುತ್ತೋಲೆ ಹೊರಡಿಸಿತು. ಮರುದಿನವೇ ‘ರಾಜ್ಯದಲ್ಲಿ ದಯಾಮರಣ’ ಎಂಬ ಮಾತು ಊರೆಲ್ಲ ಹರಡಿತು. ನಮ್ಮ ಓಪಿಡಿಗೆ ಬಂದ ಒಬ್ಬ ಹಿರಿಯರು ‘ಆ ಇಂಜೆಕ್ಷನ್ ಇಲ್ಲೇ ಕೊಡ್ತೀರಾ, ಬೆಂಗಳೂರಿಗೆ ಹೋಗಬೇಕಾ’ ಎಂದು ಕೇಳಿದರು. ಅಂಥ ಇಂಜೆಕ್ಷನ್ ಇಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕೊಟ್ಟ, 2023ರ ಜನವರಿಯಲ್ಲಿ ಸರಳಗೊಳಿಸಿದ ತೀರ್ಪನ್ನು ರಾಜ್ಯ ಜಾರಿಗೆ ತಂದದ್ದು, ಅಷ್ಟೇ. ಗುಣವಾಗುವ ದಾರಿಯೇ ಇಲ್ಲದ, ಯಂತ್ರದ ಮೇಲೆ ಜೀವ ಹಿಡಿದಿರುವ ರೋಗಿಗೆ ಆ ಯಂತ್ರ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಕ್ರಮ ಅದು. ಆಸ್ಪತ್ರೆಯಲ್ಲಿ ಒಂದು ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ, ಎರಡರಲ್ಲೂ ಐದು ವರ್ಷಕ್ಕೆ ಕಮ್ಮಿ ಇಲ್ಲದ ಅನುಭವದ ತಜ್ಞರು, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ. ಆರೋಗ್ಯವಾಗಿರುವಾಗಲೇ ‘ನನಗೆ ಹೀಗಾದರೆ ಹೀಗೆ ಮಾಡಿ’ ಎಂದು ಬರೆದಿಡಬಹುದು, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು.

ನಿಮ್ಮ ಬಾಯಿ ಕ್ಯಾನ್ಸರಿನ ರೋಗಿಗೆ ಇದು ನೇರವಾಗಿ ತಾಕುವುದಿಲ್ಲ, ಅವರು ಯಂತ್ರದ ಮೇಲೆ ಇಲ್ಲ. ಆದರೆ ಒಂದು ಮಾತು ತಾಕುತ್ತದೆ. ಕೊನೆಯ ದಿನಗಳಲ್ಲಿ ಉಸಿರು ಏರುಪೇರಾದಾಗ ಮನೆಯವರು ಆಂಬುಲೆನ್ಸ್ ಕರೆಯುತ್ತಾರೆ, ಹುಬ್ಬಳ್ಳಿಯ ಐಸಿಯುಗೆ ಹೋಗುತ್ತಾರೆ, ಹೊಲ ಅಡವಿಡುತ್ತಾರೆ. ‘ಅಂಥ ದಿನ ಬಂದರೆ ಎಲ್ಲಿರೋಕೆ ಇಷ್ಟ ನಿಮಗೆ’ ಎಂಬ ಪ್ರಶ್ನೆಯನ್ನು ಮೊದಲೇ, ಚೆನ್ನಾಗಿ ಮಾತಾಡುತ್ತಿರುವಾಗಲೇ, ಯಾರಾದರೂ ಕೇಳಿರಬೇಕು. ತಾಲೂಕಿನಲ್ಲಿ ಆ ಯಾರಾದರೂ ಹೆಚ್ಚಾಗಿ ನೀವೇ. ಹೇಳಿದ ಉತ್ತರವನ್ನು ಕೇಸ್‌ಶೀಟಿನಲ್ಲಿ ಬರೆದು ನಿಮ್ಮ ಡಾಕ್ಟರ ಸಹಿ ಹಾಕಿಸಿ.

ಕೇರಳದ ಹೆಸರು ಬಂದಾಗೆಲ್ಲ ನಮ್ಮವರಿಗೆ ಸ್ವಲ್ಪ ಮುಜುಗರ. ‘ಅಲ್ಲಿನವರು ಹಾಗೆ, ಇಲ್ಲಿ ಆಗಲ್ಲ’ ಅನ್ನುತ್ತೇವೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಕೆಲವರು ಸೇರಿ ಕ್ಲಿನಿಕ್ ತೆರೆದಾಗ ಅದೂ ಒಂದು ಸಣ್ಣ ಕೋಣೆಯೇ. ಅವರಿಗೆ ಬೇಗ ಗೊತ್ತಾದದ್ದು, ಕ್ಲಿನಿಕ್ಕಿಗೆ ಬರಲಾಗದವರೇ ಜಾಸ್ತಿ ಎಂದು. ಆಮೇಲೆ ಮಲಪ್ಪುರಂ ಜಿಲ್ಲೆಯಲ್ಲಿ ಊರಿನ ಜನರೇ, ಮೇಷ್ಟ್ರು, ಆಟೊದವರು, ಅಂಗಡಿಯವರು ತರಬೇತಿ ಪಡೆದು ಅಕ್ಕಪಕ್ಕದ ರೋಗಿಗಳನ್ನು ನೋಡಿಕೊಳ್ಳತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ಕೇರಿಗೆ ನೀತಿ ತಂದು ಪಂಚಾಯಿತಿಗಳನ್ನು ಇದರೊಳಗೆ ಎಳೆಯಿತು. ಈಗ ಪಂಚಾಯಿತಿಯ ನರ್ಸ್ ಜೀಪಿನಲ್ಲಿ ಮನೆಮನೆಗೆ ಹೋಗುತ್ತಾರೆ. ಕಾಸರಗೋಡಿನ ಉತ್ತರದ ಕಡೆ ಆ ಮನೆಗಳಲ್ಲಿ ಎಷ್ಟೋ ಕನ್ನಡ ಮಾತಾಡುವ ಮನೆಗಳು. ಅಂದರೆ ಕನ್ನಡದವರಿಗೆ ಇದು ಆಗುವುದಿಲ್ಲ ಅನ್ನಲು ಬರುವುದಿಲ್ಲ, ಗಡಿಯ ಆ ಬದಿಯಲ್ಲಿ ಆಗುತ್ತಿದೆ. ಆದರೆ ಅಲ್ಲಿಯದನ್ನೇ ಪೂರ್ತಿ ಎತ್ತಿ ತಂದು ನೆಡಬೇಕೆಂದು ನಾನು ಹೇಳಲಾರೆ. ಅಲ್ಲಿ ಮನೆಗೆ ಮನೆ ಹತ್ತಿರ. ನಿಮ್ಮ ಜೋಯಿಡಾದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಕಾಡು ದಾಟಬೇಕು. ದಿನಕ್ಕೆ ಹತ್ತು ಮನೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮನೆಯ ಒಬ್ಬರಿಗೇ ಸರಿಯಾಗಿ ಕಲಿಸಿ, ಫೋನಿನಲ್ಲಿ ಹಿಡಿದುಕೊಳ್ಳುವುದೇ ನಿಮಗೆ ಹೊಂದುವ ದಾರಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಸುದ್ದಿ ಮೇಲಿನಿಂದ ಕೆಳಗೆ ಬರಬೇಕು ಎಂದೇ ನಾವೆಲ್ಲ ಯೋಚಿಸುತ್ತೇವೆ. ಕಳಿಸಿಕೊಟ್ಟ ದೊಡ್ಡಾಸ್ಪತ್ರೆಯವರಿಗೆ ತಮ್ಮ ರೋಗಿ ಆಮೇಲೆ ಏನಾದ ಎಂದು ತಿಳಿಯುವುದು ಅಪರೂಪ. ಫಾಲೋಅಪ್‌ಗೆ ಬರಲಿಲ್ಲ ಎಂದು ಫೈಲು ಮುಚ್ಚುತ್ತದೆ. ಹಾಗಾಗಿ ಆ ಮನುಷ್ಯ ತೀರಿಕೊಂಡ ಮೇಲೆ, ಹದಿಮೂರೋ ಹದಿನಾಲ್ಕೋ ದಿನ ಕಳೆದು ನೀವು ಮನೆಗೆ ಒಮ್ಮೆ ಹೋಗಿಬಂದ ಮೇಲೆ, ಆ ಯೂನಿಟ್ಟಿಗೆ ಹತ್ತು ಸಾಲು ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ. ಯಾವ ದಿನ, ಮನೆಯಲ್ಲೋ ಆಸ್ಪತ್ರೆಯಲ್ಲೋ, ನೋವು ಹತೋಟಿಯಲ್ಲಿತ್ತೋ, ಮಾರ್ಫಿನ್ ಎಷ್ಟು ದಿನ ಸಿಕ್ಕಿತು, ಎಷ್ಟು ದಿನ ಸಿಗಲಿಲ್ಲ, ಯಾಕೆ ಸಿಗಲಿಲ್ಲ. ಸಿಗದ ದಿನಗಳ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ಅದರ ಒಂದು ಪ್ರತಿ ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ಹೋಗಲಿ, ಆರ್‌ಎಂಐ ಅರ್ಜಿಯ ಜತೆಗೆ. ಇಂಥ ಮೂರು ಕಾಗದ ಹೋದ ಮೇಲೆ ಒಂದು ವಾರ್ಡಿನಿಂದ ನನಗೆ ಫೋನ್ ಬಂತು. ‘ಮೇಡಂ, ನಿಮ್ಮ ಕಡೆಯವರೊಬ್ಬರನ್ನ ನಾಳೆ ಡಿಸ್ಚಾರ್ಜ್ ಮಾಡ್ತಾ ಇದೀವಿ, ಕಾಗದ ಯಾರ ಹೆಸರಿಗೆ ಬರೆಯಲಿ?’